ಎಡಗಡೆ ಚಕ್ರದ ಸೊನ್ನೆ

ನನ್ನನ್ನು ಹೆಣ್ಣು ನೋಡಿ ಹೋದ ನಾಲ್ಕನೇ ದಿನ ಶಶಿಕಾಂತ್ ಕುರುಗೋಡಿನ ನಮ್ಮ ಗ್ಯಾರೇಜಿಗೆ ಬಂದ. ಕಾರಿನಿಂದ ಇಳಿಯುವ ಮೊದಲೇ ನಾನು ಸ್ಪ್ಯಾನರ್ ಎತ್ತಿ ತೋರಿಸಿದೆ.

"ಅಕ್ಷತಾ ಒಲ್ಲೆ ಅಂದ್ಳು ಅಂತ ಅಪ್ಪ ಹೇಳಿ ಕಳ್ಸ್ಯಾರ. ಮತ್ತ್ಯಾಕ ಬಂದ್ರಿ?"

"ಬ್ರೇಕಿನ ಎಬಿಎಸ್ ಲೈಟ್ ಹತ್ತೈತ್ರಿ," ಎಂದ ಮೆಲ್ಲಗೆ.

ನೆವ, ಅಂದುಕೊಂಡೆ. ಅವತ್ತು ಇವನ ಸೋದರಮಾವ ದೊಡ್ಡಬಸವರಾಜ, "ಚಪಾತಿ ಮೆತ್ತಗ ಬರ್ತಾವೇನವಾ? ಮದುವಿ ಆದಮ್ಯಾಲೆ ಗ್ಯಾರೇಜು ಗೀರೇಜು ಬ್ಯಾಡ," ಎಂದಾಗ ಈ ಮಹಾರಾಯ ಚಹಾದ ಕಪ್ಪನ್ನೇ ನೋಡುತ್ತ ಕುಳಿತಿದ್ದ. ಕಣ್ಣು ಚೆಂದ ಇದ್ದವು, ಸುಳ್ಳು ಹೇಳಲಾರೆ. ಬಾಯಿ ಮಾತ್ರ ಇರಲಿಲ್ಲ. ಅಪ್ಪ ಕಲಿಸಿದ ಕೆಲಸ, ಹತ್ತು ವರ್ಷ ಪಳಗಿದ ಕೈ. ಅದನ್ನು ಬಿಟ್ಟು ನಾನು ಯಾರ ಮನೆಗೂ ಹೋಗುವವಳಲ್ಲ.

ಆದರೆ ಲೈಟ್ ನಿಜವಾಗಿಯೂ ಉರಿಯುತ್ತಿತ್ತು.

"ಬಳ್ಳಾರಿಯಾಗ ಎರಡು ಸಲ ಚಕ್ರದ ಸೆನ್ಸರ್ ಬದ್ಲಿ ಮಾಡಿದ್ರು. ಮತ್ತ ಅದೇ ಕಥಿ."

"ನೀವು ಓಡಿಸ್ರಿ, ನಾ ನೋಡ್ತೀನಿ."

ಕಾರಿಗೆ ಸ್ಕ್ಯಾನರ್ ಜೋಡಿಸಿ, ಅದರ ಪರದೆ ನೋಡುತ್ತ ಪಕ್ಕದಲ್ಲಿ ಕುಳಿತೆ. ಸಿರುಗುಪ್ಪದ ರಸ್ತೆಯಲ್ಲಿ ಮೂರು ಚಕ್ರಗಳ ವೇಗ ನಲವತ್ತು. ಮುಂದಿನ ಎಡಗಡೆಯದು ಮಾತ್ರ ಸೊನ್ನೆಗೆ ಬಿದ್ದು ಬಿದ್ದು ಏಳುತ್ತಿತ್ತು.

"ನನ್ನ ಏನ್ ನೋಡ್ತೀರಿ? ರಸ್ತಾ ನೋಡ್ರಿ."

"ರಸ್ತಾನ ನೋಡಾಕತ್ತೀನ್ರಿ," ಎಂದ. ಕಿವಿ ಕೆಂಪಾಗಿತ್ತು.

ವಾಪಸ್ ಬಂದು ಚಕ್ರ ಬಿಚ್ಚಿದೆ. ವೈರು ಸರಿ, ಸೆನ್ಸರೂ ಸರಿ. ಎರಡು ಸಲ ಬದಲಾಯಿಸಿದವರು ಸೆನ್ಸರ್ ಕಳಚಿದ ತೂತಿನೊಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಾನು ಟಾರ್ಚ್ ಬೆಳಕು ಬಿಟ್ಟೆ. ಒಳಗೆ ಕರ್ರಗಿನ ಪುಡಿ ಮೆತ್ತಿತ್ತು.

"ಎಲ್ಲಿ ಕೆಲ್ಸಾ ನಿಮ್ದು?"

"ಕಬ್ಬಿಣದ ಫ್ಯಾಕ್ಟರಿ, ಹಲಕುಂದಿ ಕಡೆ."

"ಅದಕ್ಕ! ಒಳಗೊಂದು ಆಯಸ್ಕಾಂತದ ರಿಂಗ್ ಐತಿ. ಸೆನ್ಸರ್ ಅದನ್ನ ನೋಡಿ ವೇಗ ಹೇಳ್ತೈತಿ. ನಿಮ್ಮ ಫ್ಯಾಕ್ಟರಿ ಧೂಳು ಅದಕ್ಕ ಕಚ್ಕೊಂಡು ಕುಂತೈತಿ."

ಅವನು ಹುರುಪಿನಿಂದ ಮೇಜಿನ ಮೇಲಿದ್ದ ಮ್ಯಾಗ್ನೆಟ್ ಎತ್ತಿಕೊಂಡ.

"ಅಯ್ಯ, ತೆಗೀರಿ ಅದನ್ನ! ರಿಂಗೇ ಕೆಡ್ತೈತಿ."

ಹಿಂದಿನ ಮನೆಗೆ ಹೋಗಿ, ಅವ್ವ ನಾದಿಟ್ಟ ಚಪಾತಿ ಹಿಟ್ಟಿನ ಉಂಡೆ ತಂದೆ. ಅವನು ರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ, ನಾನು ತೂತಿನೊಳಗೆ ಹಿಟ್ಟು ಒತ್ತಿ ಒತ್ತಿ ಎತ್ತಿದೆ. ಹಿಟ್ಟು ಕರ್ರಗಾಯಿತು.

"ಮೆತ್ತಗ ಬಂದೈತಂತ ನಿಮ್ಮ ಮಾವಗ ಹೇಳ್ರಿ."

ಅವನು ನಕ್ಕುಬಿಟ್ಟ. ಹಾಳಾದ ನಗು, ನನಗೂ ಬಂತು.

ಮತ್ತೆ ಓಡಿಸಿದೆವು. ನಾಲ್ಕೂ ಚಕ್ರ ನಲವತ್ತು. ಲೈಟ್ ಆರಿತ್ತು. ಗ್ಯಾರೇಜಿನ ಮುಂದೆ ನಿಲ್ಲಿಸುವಷ್ಟರಲ್ಲಿ ಅವನ ಮಾವನ ಫೋನ್ ಬಂತು. ತಾನಾಗಿಯೇ ಸ್ಪೀಕರ್ ಹಾಕಿದ.

"ಕಾರ್ ಏನಾತಲೇ?"

"ರೆಡಿ ಆತು ಮಾಮಾ."

"ಬಳ್ಳಾರಿಯವ್ರ ಕೈಲೇ ಆಗಿದ್ದಿಲ್ಲ! ಯಾರು ಮಾಡಿದ್ರು?"

"ಅಕ್ಷತಾ. ಅವತ್ತು ನಾ ಸುಮ್ನ ಕುಂತಿದ್ದು ತಪ್ಪು, ಮಾಮಾ. ಗ್ಯಾರೇಜು ಬಿಡು ಅಂತ ಅಕಿಗೆ ಯಾರೂ ಅನ್ನಂಗಿಲ್ಲ. ಅಕಿ ಹೂಂ ಅಂದ್ರ ನಾನ ಕುರುಗೋಡಿಗೆ ಬಂದು ಇರ್ತೀನಿ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಅವನು ಇಂಜಿನ್ ಆರಿಸಿ ನನ್ನ ಕಡೆ ತಿರುಗಿದ.

"ಫೋನಿನಾಗ ಅಂದ್ರಿ. ನಮ್ಮಪ್ಪನ ಮುಂದ ಅನ್ರಿ ನೋಡೋಣ."

ಇಳಿದು ನೆಟ್ಟಗೆ ಗ್ಯಾರೇಜಿನೊಳಗೆ ಹೋದ. ಟೈರಿನ ಮೇಲೆ ಕುಳಿತಿದ್ದ ಅಪ್ಪನೆದುರು ನಿಂತು ಒಂದಕ್ಷರ ಬಿಡದೆ ಹೇಳಿದ, ಈ ಸಲ ಜೋರಾಗಿ. ಅಪ್ಪ ನನ್ನ ಮುಖ ನೋಡಿದರು.

ಹೆಣ್ಣು ನೋಡುವ ದಿನ ಅವ್ವ ನನ್ನ ಕೈಗಳನ್ನು ಮೂರು ಸಲ ತಿಕ್ಕಿ ತೊಳೆಸಿದ್ದಳು. ಇವತ್ತು ಗ್ರೀಸು, ಕರಿ ಹಿಟ್ಟು ಹಾಗೇ ಇದ್ದವು. ಹೂಂ ಅಂದು ಅದೇ ಕೈ ಚಾಚಿದೆ. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.