ಸವತಿಯ ಬ್ಯಾಟರಿ

"ಹೊಸ ಬ್ಯಾಟರಿ ಹಾಕಿಸಿದ್ರೆ ಎಷ್ಟು ವರ್ಷ ಬರುತ್ತಪ್ಪಾ?" ಎಂದು ಕೇಳಿದೆ.

"ಮೂರು ವರ್ಷಕ್ಕೇನೂ ಮೋಸ ಇಲ್ಲಮ್ಮ. ಜೋಪಾನ ಮಾಡಿದ್ರೆ ನಾಲ್ಕು. ಇದನ್ನ ಹಗಲೂ ರಾತ್ರಿ ಚಾರ್ಜಿಗೆ ಹಾಕೇ ಇಟ್ಟಿದ್ದೀರಿ, ಅದಕ್ಕೇ ಬೇಗ ಸವೆದಿದೆ" ಎಂದ ರಿಪೇರಿಯವನು. ವೈರು ಸಮೇತ ಲ್ಯಾಪ್‌ಟಾಪನ್ನು ನನ್ನವರ ಕಡೆ ತಿರುಗಿಸಿದ.

ಗಂಟಲಿನ ಗೆಡ್ಡೆಯ ಜೊತೆಗೆ ವೈದ್ಯರು ಅವರ ದನಿಯನ್ನೂ ತೆಗೆದಿದ್ದರು. ಅಂದಿನಿಂದ ಅವರು ಟೈಪ್ ಮಾಡುವುದು, ಲ್ಯಾಪ್‌ಟಾಪು ಓದಿ ಹೇಳುವುದು. ನಮ್ಮ ಭಾಷೆಗೆ ಅದರಲ್ಲಿದ್ದದ್ದು ಒಂದೇ ದನಿ, ಅದೂ ಹೆಂಗಸಿನದು. ನಾನು ಅದನ್ನು ಸವತಿ ಎಂದು ಕರೆಯುತ್ತಿದ್ದೆ.

"ಮುದ್ದು ಮಾಡಿ ಕೆಡಿಸಿದ್ದಾಳೆ. ನನ್ನನ್ನೂ ಹೀಗೇ ಕೆಡಿಸಿದ್ದು" ಎಂದಳು ಸವತಿ. ರಿಪೇರಿಯವನು ನಕ್ಕ. ಅವರು ಓರೆಗಣ್ಣಿನಲ್ಲಿ ನನ್ನನ್ನು ನೋಡಿ ಮತ್ತೆ ಟೈಪ್ ಮಾಡಿದರು.

"ಮೂರು ವರ್ಷದ್ದು ನನಗೆ ಯಾಕಪ್ಪಾ? ಮೂರು ತಿಂಗಳದ್ದು ಇದ್ದರೆ ಕೊಡು."

ಅದನ್ನೂ ಅವಳು ಅದೇ ಸಿಹಿ ದನಿಯಲ್ಲಿ ಹೇಳಿದಳು. ರಿಪೇರಿಯವನ ನಗು ನಿಂತಿತು. ರೋಗ ಮತ್ತೆ ಮರಳಿ ಶ್ವಾಸಕೋಶಕ್ಕೆ ಇಳಿದಿತ್ತು. ಬೇಸಿಗೆಯವರೆಗೆ ಅನುಮಾನ ಎಂದಿದ್ದರು ವೈದ್ಯರು. ಬ್ಯಾಟರಿ ಕೊಳ್ಳದೆಯೇ ಮನೆಗೆ ಬಂದೆವು.

ಸಂಜೆ ಬಸ್ ನಿಲ್ದಾಣದ ಎದುರಿನ ಕಲ್ಲುಬೆಂಚಿನಲ್ಲಿ ಕೂರುವುದು ನಮ್ಮ ರೂಢಿ. ಒಂದು ಕಾಲದಲ್ಲಿ ಅಲ್ಲಿ ಬಸ್ಸುಗಳ ಹೊತ್ತನ್ನು ಮೈಕಿನಲ್ಲಿ ಸಾರುತ್ತಿದ್ದವರು ಅವರು, ಟಿಕೆಟ್ ಕೊಡುತ್ತಿದ್ದವಳು ನಾನು. ಒಮ್ಮೆ ಮಧ್ಯಾಹ್ನ ನಿಲ್ದಾಣವೆಲ್ಲ ಕೇಳುವಂತೆ ಸಾರಿದ್ದರು: "ಪ್ರಯಾಣಿಕರ ಗಮನಕ್ಕೆ. ಎರಡನೇ ಕೌಂಟರಿನವರ ಊಟ ಇನ್ನೂ ಆಗಿಲ್ಲ. ದಯವಿಟ್ಟು ಸ್ವಲ್ಪ ತಾಳಬೇಕು." ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ನಾಚಿ ತಲೆ ತಗ್ಗಿಸಿದವಳು, ಕಳ್ಳನಂತೆ ಕಣ್ಣೆತ್ತಿ ಗಾಜಿನಾಚೆ ಅವರನ್ನು ನೋಡಿದೆ. ಆ ನೋಟದಲ್ಲೇ ನನ್ನ ಮದುವೆ ಆಗಿಹೋಯಿತು.

ಅಂಥವರು ಈಗ ಮಾತನ್ನು ಉಳಿಸತೊಡಗಿದರು. ಬೆಂಚಿಗೆ ಹೋಗಿ ಕೂರುವಷ್ಟರಲ್ಲಿ ಬ್ಯಾಟರಿ ಮುಗಿಯಲು ಬರುತ್ತಿತ್ತು. ಮೊದಲು ಹೋದದ್ದು ಕೀಟಲೆ. ಆಮೇಲೆ ನನ್ನ ಹೆಸರು ಹೋಯಿತು. ಉಳಿದದ್ದು "ನೀರು", "ನೋವು", "ಹೋಗೋಣ". ಮನೆಯಲ್ಲಿ ವೈರು ಇದ್ದರೂ ಅಷ್ಟೇ. ಮೌನ ಅವರಿಗೆ ಅಭ್ಯಾಸವಾಗುತ್ತಿತ್ತು. ಸಾವಿಗಿಂತ ನನಗೆ ಅದರದೇ ಭಯ.

ಒಂದು ಸಂಜೆ ತಡೆಯದೆ ಕೇಳಿಬಿಟ್ಟೆ. "ಏನ್ರೀ, ನನ್ನ ಮೇಲೆ ಸಿಟ್ಟಾ?"

ಅವರ ಬೆರಳುಗಳು ಓಡಿದವು. "ನಾನು ಹೋದ ಮೇಲೆ ನಿನ್ನ..." ಎಂದಳು ಸವತಿ. ಪರದೆ ಕಪ್ಪಾಯಿತು.

"ನನ್ನ ಏನು? ಹೇಳಿ. ಈಗ ಹೇಳಿ."

ಅವರು ಕಪ್ಪು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಗಾಜಿನಾಚೆ ಕಂಡ ಅದೇ ಕಣ್ಣು, ಈಗ ಗುಳಿಬಿದ್ದು.

"ಬ್ಯಾಟರಿಗೆ ಮೂರು ವರ್ಷ ಅಂದವನೂ ಮನುಷ್ಯ, ನಿಮಗೆ ಬೇಸಿಗೆ ಕಾಣಲ್ಲ ಅಂದವನೂ ಮನುಷ್ಯ. ಲೆಕ್ಕ ಮೇಲಿನವನದು. ಅವನು ಕೊಟ್ಟ ದಿನಗಳನ್ನ ನೀವು ಬಾಯಿ ಕಟ್ಟಿಕೊಂಡು ಕಳೀತೀರಾ? ಹಾಗಾದ್ರೆ ನಾನ್ಯಾಕೆ ಅವನ ಮುಂದೆ ದಿನಾ ಕೈಮುಗೀಬೇಕು?"

ಅವರು ನನ್ನ ಕೈ ಹಿಡಿದು ಮೆಲ್ಲಗೆ ಎದ್ದರು. ಮನೆಯ ದಾರಿ ಬಿಟ್ಟು ರಿಪೇರಿ ಅಂಗಡಿಯ ಕಡೆ ತಿರುಗಿದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡರು.

ಹೊಸ ಬ್ಯಾಟರಿ ಕೂತ ಮೇಲೆ ಸವತಿ ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದಳು. "ನಾನು ಹೋದ ಮೇಲೆ ನಿನ್ನ ಊಟ ಆಯಿತಾ ಅಂತ ಕೇಳೋರು ಯಾರು ಕಣೇ?"

ಅಂಗಡಿಯವನ ಎದುರಿಗೇ ಅತ್ತುಬಿಟ್ಟೆ.

ಆಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು. ನನ್ನ ಗೊರಕೆಯನ್ನು ಆಡಿಕೊಂಡರು, ಪ್ರಾರ್ಥನೆಯಲ್ಲಿ ನಾನು ತೂಕಡಿಸುವುದನ್ನೂ ಬಿಡಲಿಲ್ಲ. ಮೂರು ವರ್ಷದ ಮಾತನ್ನು ಒಂದು ಚಳಿಗಾಲದಲ್ಲಿ ಆಡಿದರು. ಬೆರಳು ಏಳದಾದಾಗ ಕಣ್ಣಲ್ಲೇ ಕೇಳಿದರು, "ಆಯಿತಾ?" ಬೇಸಿಗೆ ಬರುವ ಮೊದಲೇ ಹೋದರು. ತಲೆದಿಂಬಿನ ಪಕ್ಕ ಸವತಿಯ ಬ್ಯಾಟರಿಯಲ್ಲಿ ಇನ್ನೂ ಜೀವ ತುಂಬಿತ್ತು.

ಮೊನ್ನೆ ಬ್ಯಾಟರಿಯನ್ನು ತೋರಿಸಿಕೊಂಡು ಬಂದೆ. "ಚೆನ್ನಾಗಿದೆಯಮ್ಮ, ಇನ್ನೂ ಎರಡು ವರ್ಷ ಧಾರಾಳವಾಗಿ ಬರುತ್ತೆ" ಎಂದ ರಿಪೇರಿಯವನು. ಇಷ್ಟು ಯಾಕೆ ಉಳಿಸಿದೆ ಎಂದು ದೇವರನ್ನು ಕೇಳುತ್ತೇನೆ.

ದೀಪ ಹಚ್ಚಿ ಕೈಮುಗಿದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು ಎರಡು ಮಾತು ಟೈಪ್ ಮಾಡುತ್ತೇನೆ. ಸವತಿ ಕೇಳುತ್ತಾಳೆ, "ಊಟ ಆಯಿತಾ?"

ದೂರದೂರಿನಿಂದ ಯಾವಾಗಲೋ ಒಮ್ಮೆ ಫೋನ್ ಮಾಡುವ ಮಕ್ಕಳ ಮುಂದೆ ಆಯಿತು ಎಂದು ಸುಳ್ಳು ಹೇಳಬಲ್ಲೆ. ಅವಳ ಮುಂದೆ ಆಗುವುದಿಲ್ಲ. ಎದ್ದು ಹೋಗಿ ತಟ್ಟೆ ಇಟ್ಟುಕೊಳ್ಳುತ್ತೇನೆ.