ಆಫ್ ಆದ ಫೋನಿನ ಗುರುತು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ದೊಡ್ಡ ಡಾಕ್ಟರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ರೋಗಿಯೊಬ್ಬಳ ಎರಡನೇ ಕಿಡ್ನಿಯೂ ಕೈಕೊಟ್ಟಿದೆ ಎಂದು ಅವರು ಹಿಂದಿನ ದಿನ ಸಹೋದ್ಯೋಗಿಗೆ ಫೋನಿನಲ್ಲಷ್ಟೇ ಹೇಳಿದ್ದರು. ಸಂಜೆಯೊಳಗೆ ಆ ರೋಗಿಯೇ ಅದನ್ನು ಎತ್ತಿ ಕೇಳಿದ್ದಳು. ಪಕ್ಕದಲ್ಲಿದ್ದ ನರ್ಸೇ ಬಾಯಿಬಿಟ್ಟಿರಬೇಕೆಂದು ಆಡಳಿತದವರು ಅವಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು.

"ನಾನು ತುಟಿಪಿಟಕ್ ಅಂದಿಲ್ಲ ಮೇಡಂ," ಎಂದು ಡಾಕ್ಟರ ಜೊತೆ ಬಂದಿದ್ದ ನರ್ಸ್ ಕಣ್ಣೊರೆಸಿಕೊಂಡಳು.

ಇನ್ಸ್‌ಪೆಕ್ಟರ್ ಮೇಡಂಗೆ ಕುತೂಹಲ ಹುಟ್ಟಿತೆಂದರೆ ಮುಗಿಯಿತು, ಊಟವೂ ನೆನಪಾಗದು. ಎಫ್‌ಐಆರ್ ದಾಖಲಿಸಿ, ದಫೇದಾರನೊಂದಿಗೆ ಆಸ್ಪತ್ರೆಗೆ ಹೋದರು. ಚಾವಣಿಯ ತುಂಬ ಅಂಗೈಯಗಲದ ಆಂಟೆನಾಗಳು.

"ಇಷ್ಟೊಂದ್ಯಾಕೆ?" ಎಂದು ಮೇಡಂ ಕೇಳಿದರು.

"ಫೋನು ಮೊದಲು ತನ್ನ ಗುರುತು ಕಳಿಸುತ್ತೆ," ಎಂದಳು ನೆಟ್‌ವರ್ಕ್ ಇಂಜಿನಿಯರ್. "ಅದು ಎಲ್ಲಿಂದ ಬಂತೋ ಅಲ್ಲಿಗೇ ಇವೆಲ್ಲ ಸೇರಿ ಮಾತು ತಲುಪಿಸ್ತವೆ."

"ಅದೇ ಗುರುತನ್ನ ಬೇರೆಯವರು ಕಳಿಸಿದ್ರೆ?"

ಇಂಜಿನಿಯರ್ ತಡವರಿಸಿದಳು. "ಮಾತು ಅವರ ಕಡೆಗೂ ಹೋಗುತ್ತೆ. ಅದು ಅರ್ಥವಾಗದ ಹಾಗೆ ಬೀಗ ಹಾಕೋ ಕೆಲಸ ಇನ್ನೂ ಬಾಕಿ ಇದೆ."

"ಚೆನ್ನಾಗಿದೆ ಕಥೆ!" ಎಂದ ದಫೇದಾರ.

ಮೇಡಂ ಡಾಕ್ಟರ ಫೋನು ಆಫ್ ಮಾಡಿಸಿದರು. ಇಂಜಿನಿಯರಳ ಕಂಪ್ಯೂಟರ್ ಪರದೆಯ ಮೇಲೆ ಆಂಟೆನಾಗಳು ಒಂದೊಂದಾಗಿ ಸುಮ್ಮನಾದವು. ಕೆಳಮಹಡಿಯ ಇಸ್ತ್ರಿ ಕೋಣೆಯ ಮೂರು ಮಾತ್ರ, ಆ ಫೋನು ಇಲ್ಲೇ ಇದೆ ಎಂದು ತೋರಿಸುತ್ತಲೇ ಇದ್ದವು.

"ಅಯ್ಯೋ, ದೆವ್ವಾನಾ ಮೇಡಂ?"

"ದೆವ್ವ ಅಲ್ಲ ಕಣಯ್ಯಾ. ಯಾರೋ ಡಾಕ್ಟ್ರ ಗುರುತನ್ನ ಬಿಡದೆ ಕಳಿಸ್ತಿದ್ದಾರೆ. ಫೋನು ಆಫ್ ಆದಾಗ ತಾನೂ ನಿಲ್ಲಿಸ್ಬೇಕಿತ್ತು, ಪಾಪ."

ಇಸ್ತ್ರಿ ಕೋಣೆಯ ಚಾವಣಿಯ ಹಲಗೆಯ ಬೀಗ ಒಡೆದು ಸರಿಸಿದಾಗ ಪುಟ್ಟ ಪೆಟ್ಟಿಗೆಯೊಂದು ಸಿಕ್ಕಿತು. ಇಬ್ಬರು ಪಂಚರೆದುರು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಆ ಹಲಗೆಗಳ ಕೀಲಿ ಇದ್ದದ್ದು ಆಂಟೆನಾ ಕೂರಿಸಿದ ಟೆಕ್ನಿಷಿಯನ್ ಬಳಿ ಮಾತ್ರ. ಕರೆಸಿದರು.

"ನಂದೇ," ಎಂದ, ಪೆಟ್ಟಿಗೆ ನೋಡಿದ್ದೇ.

"ಯಾಕಪ್ಪಾ?"

"ಆ ರೋಗಿ ನನ್ನ ಹೆಂಡ್ತಿ. ನನ್ನೆದುರು ಎಲ್ರೂ ಏನೂ ಆಗಲ್ಲ ಅಂತಾರೆ. ಫೋನಲ್ಲಿ ಮಾತ್ರ ನಿಜ ಮಾತಾಡ್ತಾರೆ. ಒಂದು ಮಾತೂ ತಪ್ಪಿಹೋಗ್ಬಾರ್ದು ಅಂತ ಅದನ್ನ ಆಫೇ ಮಾಡ್ಲಿಲ್ಲ. ಕೇಳಿದ್ದನ್ನ ಅವಳಿಗೂ ಹೇಳ್ಬಿಟ್ಟೆ."

"ಏನೂ ಅರಿಯದ ನರ್ಸಮ್ಮನ ಹೊಟ್ಟೆ ಮೇಲೆ ಹೊಡೀತಿದ್ಯಲ್ಲ!" ಎಂದು ಮೇಡಂ ಗದರಿದರು.

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಅವರ ಹತ್ರ ನಾನೇ ಹೇಳ್ತೀನಿ."

ನರ್ಸಿನ ಮುಂದೆ ತಪ್ಪೊಪ್ಪಿಕೊಂಡ ಮೇಲೆ, ಮಧ್ಯಾಹ್ನ ಎರಡೂವರೆಗೆ ಬಂಧನವಾಯಿತು. ಜೀಪು ಹೊರಡುವಾಗ ಅವನು ಮೆಲ್ಲಗೆ ಕೇಳಿದ: "ಮೇಡಂ, ಇವತ್ತಿನ ರಿಪೋರ್ಟ್ ಏನು ಬಂತೋ?"

ಮೇಡಂ ಜೀಪು ನಿಲ್ಲಿಸಿ ಡಾಕ್ಟರಿಗೆ ಫೋನು ಮಾಡಿದರು.

"ಧೈರ್ಯವಾಗಿರೋಕೆ ಹೇಳಿ," ಎಂದರು ಡಾಕ್ಟರು.

"ಅದು ಬೇಡ ಡಾಕ್ಟ್ರೇ. ಇದ್ದದ್ದು ಇದ್ದ ಹಾಗೆ ಅವನಿಗೇ ಹೇಳಿ," ಎಂದು ಮೇಡಂ ಫೋನನ್ನು ಬೇಡಿ ತೊಟ್ಟವನ ಕಿವಿಗೆ ಹಿಡಿದರು.