ಬಾಗಿಲ ದೀಪ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಸಂಜೆ ಅಗಡಿಗೆ ಬಿಡುವುದು ನನ್ನ ಕೆಲಸ. ಎಂಟು ಸೀಟಿನ ವ್ಯಾನು, ಹದಿನಾಲ್ಕು ಹೆಂಗಸರು. ಹಿಂದಿನ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಸ್ಟೀರಿಂಗಿನ ಹಿಂದೆ ಕೆಂಪು ದೀಪ ದಿನವೂ ಅದನ್ನೇ ಹೇಳುತ್ತಿತ್ತು.

“ದೀಪದ ಮ್ಯಾಲೆ ಟೇಪ್ ಹಚ್ಚೋ ಕೈಸರ, ಕಣ್ಣಿಗೆ ಬೀಳೂದಿಲ್ಲ,” ಅಂದ ಮಾಲೀಕ ಅಣ್ಣಾಜಿ.

ಹಚ್ಚಿದ ಕೈ ನನ್ನದೇ. ವಾರದೊಳಗೆ ತಿರುವಿನಲ್ಲಿ ಬಾಗಿಲು ತೆರೆದುಕೊಂಡಿತು. ಬಾಗಿಲ ಬಳಿ ಕೂತಿದ್ದ ಶರೀಫಾಬಿ ಚಾಚಿ ಬಿದ್ದು ಅಲ್ಲೇ ತೀರಿಕೊಂಡರು. ಮರುದಿನವೇ ಅಣ್ಣಾಜಿ ಅವರ ಜಾಗಕ್ಕೆ ಇನ್ನೊಬ್ಬಳನ್ನು ಹತ್ತಿಸಿದ.

ಬಾಗಿಲಿಗೆ ಹೊಸ ಚಿಲಕ ಹಾಕಿಸಿ ಟೇಪ್ ಕಿತ್ತೆ. ಆದರೂ ಅದೇ ತಿರುವಿನಲ್ಲಿ ದೀಪ ಹತ್ತತೊಡಗಿತು. ಬೇಸಿಗೆಯಲ್ಲೂ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯುತ್ತಿತ್ತು.

ರಾಣೆಬೆನ್ನೂರಿನ ಮೆಕ್ಯಾನಿಕ್ ಫಿರೋಜ್ ಎಲ್ಲ ಬಿಚ್ಚಿ ನೋಡಿದ. “ಬಾಗಲಾ ಹಾಕಿದ್ರ ಈ ಸ್ವಿಚ್ ಒತ್ತತೈತಿ, ದೀಪ ಆರತೈತಿ. ಎಲ್ಲಾ ಬರೋಬ್ಬರಿ ಐತಿ ಭಾಯ್,” ಎಂದು ಸಾಕಾಗಿ ಬಲ್ಬನ್ನೇ ತೆಗೆದು ಕೈಗೆ ಕೊಟ್ಟ.

ನಿನ್ನೆ ತಿರುವಿನಲ್ಲಿ ಮತ್ತೆ ದೀಪ ಹತ್ತಿತು. ಗಾಡಿ ನಿಲ್ಲಿಸಿದೆ. ಯಾರೂ ಚೀರಲಿಲ್ಲ. ಚೀರುವಷ್ಟು ಕಸುವು ಆ ಹೊತ್ತಿಗೆ ಯಾರಲ್ಲೂ ಉಳಿದಿರುವುದಿಲ್ಲ.

“ಸರದ ಕುಂದ್ರ, ಜರೀನಾ,” ಅಂದಳು ಒಬ್ಬಳು. “ಚಾಚಿನೂ ಮನಿ ಮುಟ್ಟಬೇಕಲಾ.”

ಹದಿನಾಲ್ಕೂ ಜನ ಒತ್ತಿಕೊಂಡು ಬಾಗಿಲ ಬಳಿ ಜಾಗ ಬಿಟ್ಟರು. ಬಾಗಿಲು ಎಳೆದುಕೊಂಡ ಸದ್ದಾಯಿತು, ದೀಪ ಆರಿತು. ಜೇಬಿನಲ್ಲಿದ್ದ ಬಲ್ಬನ್ನು ಮುಟ್ಟಿ ನೋಡಿದೆ. ಬಿಸಿಯಾಗಿತ್ತು.